ಮಾತು ಕೇಳದವರ ಸೂಜಿ

ಒಬ್ಬಳ ಕೊರಳಿನ ಬಂಗಾರ ನೋಡಿ ಇನ್ನೊಬ್ಬಳ ಹೊಟ್ಟೆ ಉರಿಯುವುದು ಲೋಕರೂಢಿ. ಗಂಡ, ಮಿಕ್ಸರ್, ಮೈಬಣ್ಣ, ಇವನ್ನು ನೋಡಿಯೂ ಉರಿಯುತ್ತದೆ. ಖಾನಾಪುರದ ಮೆಹಬೂಬಿಯ ಹೊಟ್ಟೆ ಉರಿದದ್ದು ಮಾತ್ರ ಬೆಳಗಾವಿಯ ಒಬ್ಬ ಹುಡುಗಿಯ ತೋಳಿಗೆ ಚುಚ್ಚಿದ ಸೂಜಿಯನ್ನು ನೋಡಿ. ಅದಕ್ಕೂ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳುವವರು ದಿನಾ ಎರಡು ಹೊತ್ತು ಜನರ ಮುಂದೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದವರಲ್ಲ.

ಮೆಹಬೂಬಿ ತೋರಿಸಿದವಳು.

ಹಲಸಿಯಲ್ಲಿ ಗಂಡನ ಮನೆಯಲ್ಲಿದ್ದಾಗ ಅಡುಗೆಮನೆಯ ಗೋಡೆ ಅವಳ ಹೆಸರು ಹಿಡಿದು ಬೈಯತೊಡಗಿತು. ಗೋಡೆಗಿಂತ ಮೊದಲೇ ಅತ್ತೆ ಬೈಯುತ್ತಿದ್ದುದರಿಂದ ವ್ಯತ್ಯಾಸ ತಿಳಿಯಲು ಮನೆಯವರಿಗೆ ಸ್ವಲ್ಪ ಕಾಲ ಹಿಡಿಯಿತು. ತಾಯಿತ ಕಟ್ಟಿಸಿದರು. ನೀರು ಊದಿಸಿ ಕುಡಿಸಿದರು. ಕೊನೆಗೆ ಗಂಡ ಜುನೈದ ಅವಳನ್ನೂ ಅವಳ ಟ್ರಂಕನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದು, ಖಾನಾಪುರದಲ್ಲಿ ಅವಳ ಅಣ್ಣ ಕಲಂದರನ ಬಾಗಿಲಲ್ಲಿ ಎರಡನ್ನೂ ಇಳಿಸಿ ಹೋದ. ಟ್ರಂಕನ್ನು ಮೊದಲು ಇಳಿಸಿದ.

ಕಲಂದರ ಲಾರಿ ಮೆಕ್ಯಾನಿಕ್. ಕೆಟ್ಟದ್ದು ರಿಪೇರಿ ಆಗುತ್ತದೆ ಎಂದು ನಂಬಿದವನು. ತಂಗಿಯನ್ನು ಬೆಳಗಾವಿಯ ನೆಹರು ನಗರದ ಹುಕ್ಕೇರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗುಳಿಗೆ ಕೊಟ್ಟರು. ಗೋಡೆ ಬಾಯಿ ಮುಚ್ಚಿತು. ಅಂದಿನಿಂದ ಇಂದಿನವರೆಗೆ ಅದು ಬಾಯಿ ತೆರೆದಿಲ್ಲ. ಬಾಯಿ ತೆರೆಯುವ ಕೆಲಸ ಮೆಹಬೂಬಿಯ ಪಾಲಿಗೆ ಬಂತು.

ಮೊದಲ ದಿನ ಡಾಕ್ಟರು ಹೇಳಿದ್ದರು: "ಕಣ್ಣಮುಂದ ನುಂಗಸ್ರಿ. ನಾಲಿಗಿ ಎತ್ತಿಸಿ ನೋಡ್ರಿ. ಕೆಲವರು ನಾಲಿಗಿ ಬುಡಕ ಇಟ್ಟಕೊಂಡ ಉಗುಳತಾರ." ಮೊದಲ ಒಂದು ತಿಂಗಳಿಗೆ ಹೇಳಿದ ಮಾತು ಅದು. ಸಾಕು, ಇನ್ನು ನಿಲ್ಲಿಸಿರಿ ಎಂದು ಹೇಳಲು ಡಾಕ್ಟರು ಮರೆತರು. ಕಲಂದರ ಕೇಳಲಿಲ್ಲ. ಕಲಂದರನ ಹೆಂಡತಿ ತಹಮೀನಾ ಅಂತೂ ದೊಡ್ಡವರು ಹೇಳಿದ್ದನ್ನು ಬಿಟ್ಟವಳಲ್ಲ. ಹೀಗೆ ಒಂದು ತಿಂಗಳ ಮಾತು ಆ ಮನೆಯಲ್ಲಿ ಸಂಪ್ರದಾಯವಾಯಿತು.

ಗುಳಿಗೆಯ ಡಬ್ಬಿ ಪಡಸಾಲೆಯ ಶೋಕೇಸಿನಲ್ಲಿ ಇರುತ್ತಿತ್ತು. ಒಂದು ಬಾಜು ಉಪಯೋಗಿಸದ ಗಾಜಿನ ಬಟ್ಟಲುಗಳು, ಇನ್ನೊಂದು ಬಾಜು ಕಾಬಾದ ಚಿತ್ರ, ನಡುವೆ ಮೆಹಬೂಬಿಯ ಹುಚ್ಚು. ಕೀಲಿ ತಹಮೀನಾಳ ಸೆರಗಿನಲ್ಲಿ. ಸಂಜೆಯ ಊಟವಾದ ಮೇಲೆ ಮೆಹಬೂಬಿ ಎಲ್ಲರ ಮುಂದೆ ನಿಂತು ನುಂಗಬೇಕು. ನುಂಗಿ ಬಾಯಿ ತೆರೆಯಬೇಕು. "ಜೀಬ್ ಉಠಾ" ಅಂದಾಗ ನಾಲಿಗೆ ಎತ್ತಬೇಕು. ತಹಮೀನಾ ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡುತ್ತಿದ್ದಳು. ಮಕ್ಕಳಿಗೆ ಅದೊಂದು ಆಟವಾಗಿಬಿಟ್ಟಿತ್ತು. ಅಂಗಳದಲ್ಲಿ ಒಬ್ಬಳು ಫುಪ್ಪು, ಅಂದರೆ ಸೋದರತ್ತೆ, ಆಗುವಳು, ಒಬ್ಬಳು ಅಮ್ಮಿ. ಫುಪ್ಪು ಆದವಳು ಕಡಲೆಕಾಳು ನುಂಗಿ ಬಾಯಿ ತೆರೆಯುವಳು. ಫುಪ್ಪು ಆಗಲು ಮಕ್ಕಳಲ್ಲಿ ಜಗಳ ಆಗುತ್ತಿತ್ತು. ಖರೇ ಫುಪ್ಪು ಬಟ್ಟೆ ಒಣಹಾಕುತ್ತಾ ಅದನ್ನು ನೋಡುವಳು.

ಅದಕ್ಕಿಂತ ದೊಡ್ಡ ಬಾಧೆ ಒಂದು ವಾಕ್ಯದ್ದು. ಸಾರಿಗೆ ಉಪ್ಪು ಜಾಸ್ತಿ ಆಗಿದೆ ಎಂದು ಮೆಹಬೂಬಿ ಅಂದಳು, ಕೂಡಲೇ ತಹಮೀನಾ ಗುಳಿಗೆ ನುಂಗಿದೆಯಾ ಎಂದು ಕೇಳುವಳು: "ಗೋಲಿ ಖಾಯಿ ಕ್ಯಾ?" ಟಿವಿ ನೋಡಿ ಜೋರಾಗಿ ನಕ್ಕಳು, "ಗೋಲಿ ಖಾಯಿ ಕ್ಯಾ?" ತಾಯಿ ಸತ್ತ ದಿನ ಅತ್ತಳು, ಅಣ್ಣನೇ ಕೇಳಿದ, ಬಹಳ ಮೆತ್ತಗೆ, "ಗೋಲಿ ಖಾಯಿ ಕ್ಯಾ?" ಆ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬರುತ್ತಿತ್ತು. ಮೆಹಬೂಬಿಗೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ, ರೋಗ ಬರುತ್ತಿತ್ತು.

ಬೆಳಿಗ್ಗೆ ಬಸ್ಸು ಹಿಡಿದು ಬೆಳಗಾವಿಯ ಉದ್ಯಮಬಾಗದಲ್ಲಿ ಇಳಿದರೆ ಎರಡನೆಯ ತಪಾಸಣೆ. ಅಲ್ಲಿ ಅವಳು ಪಂಪುಗಳಿಗೆ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೋರ್ ಮಾಡುವ ಹೆಂಗಸರ ಸಾಲಿನಲ್ಲಿ ದುಡಿಯುತ್ತಿದ್ದಳು. ಪಂಪಿನ ಹೊಟ್ಟೆ ಪೊಳ್ಳಾಗಿರಬೇಕು. ಕಾದ ಕಬ್ಬಿಣ ಸುರಿಯುವಾಗ ಆ ಪೊಳ್ಳು ಉಳಿಯಲೆಂದು ಒಳಗೆ ಇಡುವ ಮರಳಿನ ಗಡ್ಡೆಯೇ ಕೋರ್. ಎಣ್ಣೆ ಕಲಸಿದ ಮರಳನ್ನು ಪೆಟ್ಟಿಗೆಗೆ ತುಂಬಬೇಕು. ಮುಷ್ಟಿಯಿಂದ ಗುದ್ದಬೇಕು. ಮಗುಚಬೇಕು. ತಗಡಿನ ಮೇಲೆ ಜೋಡಿಸಿ ಭಟ್ಟಿಗೆ ಹೊರಬೇಕು. ಎಲ್ಲವನ್ನೂ ನಿಂತೇ ಮಾಡಬೇಕು. ಗುದ್ದಿ ಗುದ್ದಿ ಬಲಗೈಯ ಅಂಗೈ ಹಿಮ್ಮಡಿಯ ಹಾಗೆ ಗಟ್ಟಿಯಾಗಿತ್ತು. ಬೆವರಿಗೆ ಮರಳು ಅಂಟಿ ಕುತ್ತಿಗೆ ಸುಲಿಯುತ್ತಿತ್ತು. ಭಟ್ಟಿಯ ಹೊಗೆಗೆ ಕಣ್ಣು ಉರಿಯುತ್ತಿದ್ದವು.

ಕೆಲಸಕ್ಕೆ ಸೇರಿಸುವ ದಿನ ಕಲಂದರ ಸೂಪರ್‌ವೈಸರ್ ರಾಯಪ್ಪನಿಗೆ ಎಲ್ಲ ಹೇಳಿದ್ದ. ಪ್ರಾಮಾಣಿಕ ಮನುಷ್ಯ. ಗಿರಾಕಿಗೆ ಗಾಡಿಯ ದೋಷ ಹೇಳದೆ ಕೊಡುವವನಲ್ಲ. ರಾಯಪ್ಪ ತನ್ನದೇ ಕಾನೂನು ಮಾಡಿಕೊಂಡ. ತಹಮೀನಾ ಕಟ್ಟಿಕೊಟ್ಟ ಬೆಳಗಿನ ಗುಳಿಗೆ ಅವನ ಎದುರೇ, ನಳದ ಹತ್ತಿರ, ಉಳಿದ ಹೆಂಗಸರು ಕೈಕಾಲು ತೊಳೆಯುವಾಗ.

"ಭಟ್ಟಿ ಬಾಜೂಕ ನಿಂದರಾಕಿ ನೀ. ತಲಿ ತಿರುಗಿ ಬಿದ್ರ ಕೇಸ್ ನನ್ನ ಮ್ಯಾಲೆ ಬರತೈತಿ. ನಾಲಿಗಿ ಎತ್ತ ನೋಡೂಣು."

ಆ ಫೌಂಡ್ರಿಯಲ್ಲಿ ಹೆಂಗಸರ ಸಂಡಾಸಿಗೆ ಚಿಲಕ ಇರಲಿಲ್ಲ. ಒಳಗೆ ಕೂತವಳು ಒಂದು ಕೈಯಿಂದ ಬಾಗಿಲು ಎಳೆದು ಹಿಡಿಯಬೇಕು. ಎದುರಿಗೇ ಗಂಡಸರು ಬೀಡಿ ಸೇದುವ ಕಟ್ಟೆ. ಕೈ ಸೋತರೆ ಬಾಗಿಲು ತಾನೇ ತೆರೆದುಕೊಳ್ಳುವುದು. ಹೆಂಗಸರೆಲ್ಲ ಸೇರಿ ಕೇಳುವುದೆಂದಾಯಿತು. ಮೆಹಬೂಬಿಯ ದನಿ ದೊಡ್ಡದು, ಅವಳೇ ಬಾಯಿ ಬಿಟ್ಟಳು.

"ರಾಯಪ್ಪಣ್ಣಾ, ಸಂಡಾಸಕ್ಕ ಒಂದ ಚಿಲಕ ಹಾಕಸ್ರಿ. ನಮಗೂ ಮಾನ ಮರ್ಯಾದಿ ಐತಿ."

ರಾಯಪ್ಪ ಎಲ್ಲರನ್ನೂ ಒಮ್ಮೆ ನೋಡಿದ. ಕಣ್ಣು ಮೆಹಬೂಬಿಯ ಮೇಲೆ ಬಂದು ನಿಂತಿತು. ಅವನ ಮುಖ ಹಗುರಾಯಿತು. "ಬೆಳಿಗ್ಗಿ ಗುಳಿಗಿ ತಗೊಂಡಿದ್ದಿ ಹೌದಲ್ಲವಾ?" ಅಂದ.

ಕಟ್ಟೆಯ ಮೇಲಿನವರು ನಕ್ಕರು. ಹೆಂಗಸರಲ್ಲೂ ಇಬ್ಬರು ನಕ್ಕರು. ಚಿಲಕದ ಮಾತು ಆ ನಗುವಿನಲ್ಲಿ ಎಲ್ಲಿ ಬಿತ್ತೋ, ಹುಡುಕುವವರಿಲ್ಲ. ಮರಳು ತುಂಬುವಾಗ ಪಕ್ಕದ ಗೌರವ್ವ ಮುಖ ಎತ್ತದೆ ಹೇಳಿದಳು. ಹಿರಿಯಳು, ಮೆಹಬೂಬಿಗೆ ರೊಟ್ಟಿ ಹಂಚಿ ಉಣ್ಣುವವಳು.

"ಇನ್ನಮ್ಯಾಲೆ ನೀ ಸುಮ್ಮ ನಿಂದರ ತಂಗಿ. ನೀ ಮಾತಾಡಿದ್ರ ನಮ್ಮ ಮಾತೂ ಹುಚ್ಚರ ಮಾತ ಆಗತೈತಿ."

ಮೆಹಬೂಬಿ ಆ ದಿನ ಮರಳನ್ನು ಎಷ್ಟು ಜೋರಾಗಿ ಗುದ್ದಿದಳೆಂದರೆ ಪೆಟ್ಟಿಗೆಯ ಕೀಲು ಸಡಿಲಾಯಿತು.

ಇಂಥ ದಿನಗಳಲ್ಲಿ ಅವಳು ಮೇಘಾಳನ್ನು ಕಂಡಳು.

ಹುಕ್ಕೇರಿ ಡಾಕ್ಟರ ದವಾಖಾನೆಯ ಬಾಕಿನ ಮೇಲೆ. ಮೇಘಾ ಸಣ್ಣ ಹುಡುಗಿ, ಕಾಲೇಜು ಅರ್ಧಕ್ಕೆ ಬಿಟ್ಟವಳು. ತಂದೆ ಬಾಪುಸಾಹೇಬರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಹಳೆಯ ಜೈನ ಮನೆತನ. ತಿಂಗಳಿಗೊಮ್ಮೆ ಮಗಳ ಜೊತೆ ಬಂದು ಕೂತು ಪೇಪರ್ ಓದುವರು. ಹುಡುಗಿ ಪರದೆಯ ಒಳಗೆ ಹೋಗುವಳು. ಚಹಾ ಆರುವಷ್ಟರಲ್ಲಿ ತೋಳು ಉಜ್ಜಿಕೊಳ್ಳುತ್ತಾ ಹೊರಗೆ ಬರುವಳು. ಕೈಯಲ್ಲಿ ಗುಳಿಗೆಯ ಚೀಲ ಇಲ್ಲ. ಆ ಬರಿಗೈ ಮೆಹಬೂಬಿಯ ಕಣ್ಣಿಗೆ ಬಿತ್ತು.

"ನಿಮಗ ಗುಳಿಗಿ ಇಲ್ಲೇನ್ರಿ?"

"ಇಲ್ರಿ. ತಿಂಗಳಿಗೊಮ್ಮೆ ಸೂಜಿ ಅಷ್ಟ."

"ಮತ್ತ ಮನ್ಯಾಗ ತಗೊಂಡಿಯೋ ಇಲ್ಲೋ ಅಂತ ಯಾರೂ ಕೇಳೂದಿಲ್ಲ?"

ಮೇಘಾ ವಿಚಿತ್ರವಾಗಿ ನೋಡಿದಳು. "ಏನ ಕೇಳತಾರ? ಸೂಜಿ ಒಳಗ ಐತಿ."

ಒಳಗ ಐತಿ. ಮೆಹಬೂಬಿ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಚೀಪಿದಳು. ರೋಗ ಬೇರೆ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಹುಕ್ಕೇರಿ ಡಾಕ್ಟರಿಗೆ ಒಂದು ಚಟ ಇತ್ತು. ರೋಗ ತಿಳಿಸಿ ಹೇಳಲು ಚೀಟಿಯ ಹಿಂದೆ ಹೂಕೋಸಿನಂಥ ಮೆದುಳು ಬರೆದು, ಅದಕ್ಕೊಂದು ಸೋರುವ ನಳ ಬರೆಯುತ್ತಿದ್ದರು.

"ನಿಮಗೂ ನಳ ಬರದ್ರೇನ್ರಿ?"

"ಹೂಂ. ಹನಿ ಬೀಳೂದೂ ಬರದಿದ್ರು."

ಹನಿಯೂ ಅದೇ. ಅದೇ ರೋಗ, ಅದೇ ಡಾಕ್ಟರು, ಅದೇ ಬಾಕು. ಇವಳಿಗೆ ತಿಂಗಳಿಗೆ ಒಂದು ಕ್ಷಣದ ನೋವು, ತನಗೆ ದಿನಾ ಎರಡು ಹೊತ್ತಿನ ನಾಲಿಗೆ. ಅಂದಿನಿಂದ ಮೆಹಬೂಬಿಗೆ ಉರಿ ಹತ್ತಿತು. ಬಸ್ಸಿನಲ್ಲಿ ಉರಿ. ಮರಳಿನ ಮುಂದೆ ಉರಿ. ಆ ಹುಡುಗಿಯ ಬಿಳಿ ತೋಳು, ಅದರ ಮೇಲೆ ಅಂಟಿಸಿದ ಸಣ್ಣ ಪಟ್ಟಿ ಕಣ್ಣಿಗೆ ಕಟ್ಟಿತು. ಮದುವೆಯ ಮನೆಯಲ್ಲಿ ಇನ್ನೊಬ್ಬಳ ಸೀರೆಯ ಅಂಚನ್ನು ಅಷ್ಟು ನೆನಪಿನಲ್ಲಿ ಯಾರೂ ಇಟ್ಟುಕೊಂಡಿರಲಿಕ್ಕಿಲ್ಲ.

ಮುಂದಿನ ತಿಂಗಳು ಅವಳು ಡಾಕ್ಟರಿಗೇ ಕೇಳಿದಳು.

ಹುಕ್ಕೇರಿ ಡಾಕ್ಟರು ಸಜ್ಜನರು. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಮೆಹಬೂಬಿ ಅಂದರೆ ಅವರಿಗೆ ಅಭಿಮಾನ. ಹೊಸ ಪೇಶಂಟುಗಳಿಗೆ ಅವಳನ್ನು ತೋರಿಸಿ, "ಈ ಹೆಣ್ಣಮಗಳನ್ನ ನೋಡ್ರಿ, ಒಂದ ಗುಳಿಗಿ ತಪ್ಪಿಸಿಲ್ಲ" ಅನ್ನುತ್ತಿದ್ದರು.

"ಸಾಹೇಬ್ರ, ನನಗೂ ಸೂಜಿ ಹಾಕ್ರಿ."

ಡಾಕ್ಟರು ನಕ್ಕರು. "ನಿನಗ್ಯಾಕವಾ ಅದು? ನೀ ಶಾಣ್ಯಾಕಿ. ಅದು ಮಾತ ಕೇಳದವರಿಗೆ. ಉಗುಳವರಿಗೆ, ಓಡಿ ಹೋಗವರಿಗೆ."

"ನನಗ ಬೇಕ್ರಿ."

"ಒಮ್ಮೆ ಒಳಗ ಹೋದ್ರ ತಗಿಯಾಕ ಬರೂದಿಲ್ಲ, ತಿಳಕೋ. ಗುಳಿಗಿ ಆದ್ರ ನಾಳೆ ಬಿಡಬಹುದು." ಇಷ್ಟು ಅವಳಿಗೆ ಹೇಳಿ ಡಾಕ್ಟರು ಕಲಂದರನ ಕಡೆ ತಿರುಗಿದರು. ಮುಂದಿನ ಮಾತೆಲ್ಲ ಅವಳ ತಲೆಯ ಮೇಲಿಂದ ಹಾದುಹೋಯಿತು. "ತುಟ್ಟಿ ಆಗತೈತಿ ನಿಮಗ. ಮತ್ತ ನಿಮ್ಮ ಮಂದಿ ಸೂಜಿ ಅಂದ್ರ ಅಂಜತಾರ, ಬರೂದ ಬಿಟ್ಟಬಿಡತಾರ. ನನ್ನ ಮ್ಯಾಲಿನ ವಿಶ್ವಾಸ ಹೋಗತೈತಿ. ಏನ ಅಂತೀರಿ ಕಲಂದರ?"

ಮೆಹಬೂಬಿ ಅಂಜಿರಲಿಲ್ಲ. ಅಂಜುತ್ತೀಯೇನು ಎಂದು ಅವಳನ್ನು ಯಾರೂ ಕೇಳಲಿಲ್ಲ. ತುಟ್ಟಿಯಾದರೆ ಕೊಡುವವಳೂ ಅವಳೇ, ಅವಳ ಪಗಾರದಿಂದ. ಅದನ್ನೂ ಕೇಳಲಿಲ್ಲ.

ಕಲಂದರ ತಲೆ ಕೆರೆದುಕೊಂಡ. "ಗುಳಿಗಿನ ಇರಲಿ ಸಾಹೇಬ್ರ. ಕಣ್ಣಿಗೆ ಕಾಣತಾವ. ಸೂಜಿ ಹಾಕಿದ್ರ ನಮಗ ಹ್ಯಾಂಗ ಗೊತ್ತಾಗಬೇಕು?"

ಗಂಡಸರಿಬ್ಬರೂ ಒಪ್ಪಿದರು. ಮೆಹಬೂಬಿಯ ಕೈಗೆ ಮತ್ತೆ ಗುಳಿಗೆಯ ಚೀಲ ಬಂತು.

ಹೊರಗೆ ಬಾಕಿನ ಮೇಲೆ ಮೇಘಾ ಕೂತಿದ್ದಳು, ತನ್ನ ಸರದಿಗೆ ಕಾಯುತ್ತಾ. ಬಾಪುಸಾಹೇಬರು ಕಲಂದರನನ್ನು ಹಿಡಿದು ತಮ್ಮ ಟೆಂಪೋದ ಗೇರಿನ ಕತೆ ಹೇಳಲು ಬಾಗಿಲಿಗೆ ಕರೆದೊಯ್ದರು. ಮೆಹಬೂಬಿ ಹುಡುಗಿಯ ಪಕ್ಕ ಕೂತಳು. ಮನೆ ಮಂಜೂರು ಮಾಡಿಸಿಕೊಂಡವರನ್ನು ಪಂಚಾಯತಿಯ ಮುಂದೆ ವಿಚಾರಿಸುವ ದನಿಯಲ್ಲಿ ಕೇಳಿದಳು.

"ನೀವು ಅದನ್ನ ಹ್ಯಾಂಗ ಗಿಟ್ಟಿಸಿದ್ರಿ?"

"ಗಿಟ್ಟಿಸೂದೇನ್ರಿ ಅಕ್ಕಾ. ನಾ ಗುಳಿಗಿ ಉಗುಳತಿದ್ನಿ."

"ಎಲ್ಲಿ?"

"ಅಕ್ಷತಿ ಡಬ್ಬಿಯೊಳಗ. ಅವ್ವ ಬಸದಿಗೆ ಒಯ್ಯೂ ಅಕ್ಕಿ. ದೇವರ ಮುಂದ ಅಕ್ಕಿ ಇಡುವಾಗ ಗುಳಿಗಿನೂ ಬಿದ್ವು. ಬಿಳಿ ಇದ್ವಲ್ಲ, ಎಷ್ಟ ದಿನ ಪೂಜಿ ಮಾಡೂ ಉಪಾಧ್ಯೇರಿಗೂ ಗೊತ್ತಾಗಿರಲಿಲ್ಲ."

ಮೆಹಬೂಬಿಗೆ ನಗು ಬಂತು. ಆಮೇಲೆ ಉರಿ ಬಂತು. "ಅದಕ್ಕ ನಿಮಗ ಸೂಜಿ ಇನಾಮ ಕೊಟ್ರು. ಸರಿ ನುಂಗಿದಾಕಿಗೆ ನುಂಗೂದ ಗತಿ."

"ಇನಾಮ?" ಮೇಘಾಳ ದನಿ ಸಣ್ಣದಾಯಿತು. "ಪಪ್ಪಾ ಕಾಲ ಹಿಡದ್ರು. ಅಣ್ಣ ಶ್ರೇಯಸ ಕೈ ಹಿಡದ. ಡಾಕ್ಟರು ಚುಚ್ಚಿದ್ರು. ಏನ ಹಾಕಾಕತ್ತಾರ, ಯಾಕ ಹಾಕಾಕತ್ತಾರ, ಒಂದ ಮಾತ ಹೇಳಲಿಲ್ಲ. ಈಗೂ ಹೇಳೂದಿಲ್ಲ. ತಿಂಗಳಾತು ನಡಿ ಅಂತಾರ. ಕೊಟ್ಟಿಗ್ಯಾಗಿನ ಎಮ್ಮಿಗೆ ಹಾಕಿದಂಗ. ನಿಮ್ಮದ ಚೊಲೊ ಐತ್ರಿ. ನಿಮ್ಮ ಗುಳಿಗಿ ನಿಮ್ಮ ಕೈಯಾಗ ಐತಿ."

"ನನ್ನ ಕೈಯಾಗ? ಶೋಕೇಸಿನ್ಯಾಗ ಐತಿ, ಕೀಲಿ ನಮ್ಮ ಭಾಭಿ ಸೆರಗಿನ್ಯಾಗ ಐತಿ. ನಿನ್ನ ಬಾಯಾಗ ಯಾರರ ಬ್ಯಾಟರಿ ಬಿಟ್ಟ ನೋಡತಾರೇನ?"

"ನಿನ್ನ ಕಾಲ ಮ್ಯಾಲೆ ಯಾರರ ಕುಂದರತಾರೇನ?"

ಇಬ್ಬರ ಮಾತಿನಿಂದಲೂ 'ರೀ' ಬಿದ್ದುಹೋಗಿತ್ತು. ಇಬ್ಬರೂ ಬೆನ್ನು ತಿರುಗಿಸಿ ಕೂತರು. ಒಬ್ಬಳಿಗೆ ಇನ್ನೊಬ್ಬಳ ಗುಳಿಗೆಯ ಮೇಲೆ ಹೊಟ್ಟೆಕಿಚ್ಚು, ಇನ್ನೊಬ್ಬಳಿಗೆ ಇವಳ ಸೂಜಿಯ ಮೇಲೆ. ಕಂಪೌಂಡರ್ ಗುರುಸಿದ್ದ ಹಾದುಹೋಗುತ್ತಾ, "ಏನ್ರಿ, ಎಣ್ಣ್ಯಾಗ ಬಿಟ್ಟ ಸಂಡಿಗಿ ಆಗೀರಲ್ಲ ಇಬ್ಬರೂ" ಅಂದ. ಇಬ್ಬರೂ ಅವನನ್ನು ನೋಡಿದ ರೀತಿಗೆ ಮತ್ತೆ ಆ ಕಡೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಹುಕ್ಕೇರಿ ಡಾಕ್ಟರು ಖಾನಾಪುರದಲ್ಲಿ ಮದುವೆಗಳು ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಶಿಬಿರ ಇಟ್ಟರು. ಮನಸ್ಸಿನ ರೋಗಕ್ಕೆ ನಾಚಿಕೆ ಪಡಬಾರದು ಎಂದು ಜನರಿಗೆ ತಿಳಿಸುವ ಸದುದ್ದೇಶ. ತಪಾಸಣೆ ಇದೆ ಎಂದಷ್ಟೇ ಹೇಳಿ ಕಲಂದರ ತಂಗಿಯನ್ನು ಕರೆತಂದ. ತಾನು ಹೊಸ ಅಂಗಿ ಹಾಕಿಕೊಂಡಿದ್ದ. ಯಾಕೆಂದು ಆಮೇಲೆ ತಿಳಿಯಿತು; ರೋಗಿಯನ್ನು ಚೆನ್ನಾಗಿ ನೋಡಿಕೊಂಡವನೆಂದು ಅವನಿಗೆ ಶಾಲು, ತೆಂಗಿನಕಾಯಿ.

ಸಭಾಂಗಣದ ತುಂಬ ಜನ. ಸಂತೆಯ ಕಾಯಿಪಲ್ಲೆಯವಳು, ಬಸ್ಸಿನಲ್ಲಿ ಜೊತೆಗೆ ಬರುವ ಹೆಂಗಸರು, ಮೆಹಬೂಬಿಗೆ ಅಕ್ಷರ ಕಲಿಸಿದ ಅಕ್ಕೋರು. ಡಾಕ್ಟರು ಚೆನ್ನಾಗಿ ಮಾತಾಡಿದರು. "ಮಾತು ಕೇಳುವವರಿಗೆ ಗುಳಿಗೆ, ಮಾತು ಕೇಳದವರಿಗೆ ಸೂಜಿ. ಸೂಜಿ ನಮ್ಮ ಕೊನೆಯ ಅಸ್ತ್ರ" ಅಂದಾಗ ಚಪ್ಪಾಳೆ ಬಿತ್ತು. ಆಮೇಲೆ ಅವರು ಮೆಹಬೂಬಿಯ ಹೆಸರು ಕರೆದರು.

ಅವಳು ವೇದಿಕೆ ಹತ್ತಿದಳು. ಇಷ್ಟು ದಿನ ಗೊತ್ತಿಲ್ಲದವರಿಗೆಲ್ಲ ಒಂದೇ ಏಟಿಗೆ ಅವಳ ರೋಗ ಗೊತ್ತಾಯಿತು.

"ಇಕಿ ನಮ್ಮ ಮೆಹಬೂಬಿ. ಎಲ್ಲಾರಿಗೂ ಮಾದರಿ. ಬೆಳಗಿನ ಗುಳಿಗಿ ಇಲ್ಲೇ ನಿಮ್ಮ ಮುಂದ ತಗೋತಾಳ. ತಗೋ ತಂಗಿ, ಜನಕ್ಕ ಧೈರ್ಯ ಬರಲಿ."

ತಹಮೀನಾ ತಟ್ಟೆಯಲ್ಲಿ ನೀರು, ಡಬ್ಬಿ ಹಿಡಿದು ಮೇಲೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಮೈಕಿನ ಹುಡುಗ ಮೈಕನ್ನು ಮೆಹಬೂಬಿಯ ಬಾಯಿಗೆ ಹಿಡಿದ. ನುಂಗುವ ಸದ್ದೂ ಜನಕ್ಕೆ ಕೇಳಲಿ ಎಂದಿರಬೇಕು. ಮೆಹಬೂಬಿ ಗುಳಿಗೆ ಕೈಗೆ ತೆಗೆದುಕೊಂಡಳು. ನೀರಿನ ಗ್ಲಾಸು ಎತ್ತಿದಳು. ಆಗ ಮುಂದಿನ ಸಾಲಿನಲ್ಲಿ ಕೂತ ಅಣ್ಣನ ಮಕ್ಕಳು ಕಂಡರು. ಅವರು ಆಗಲೇ ಬಾಯಿ ತೆರೆದಿದ್ದರು. ಎಲ್ಲರೂ ನಾಲಿಗೆ ಎತ್ತಿ ಕಾಯುತ್ತಿದ್ದರು.

ಅವಳು ಗ್ಲಾಸು ಕೆಳಗಿಟ್ಟಳು.

"ಇಲ್ರಿ."

ಮೈಕು ಆ ಮಾತನ್ನು ಸಭಾಂಗಣದ ಹಿಂದಿನ ಗೋಡೆಯವರೆಗೆ ಒಯ್ಯಿತು.

ಡಾಕ್ಟರ ನಗು ಮುಖದ ಮೇಲೇ ಉಳಿದಿತ್ತು. "ಯಾಕವಾ?"

"ಮಾತ ಕೇಳದವರಿಗೆ ಸೂಜಿ ಅಂದ್ರಲ್ಲ. ಇವತ್ತಿಂದ ನಾ ಮಾತ ಕೇಳದಾಕಿ."

ತಹಮೀನಾ ಗಾಬರಿಯಾಗಿ ಹತ್ತಿರ ಬಂದಳು. ಅಭ್ಯಾಸಬಲ, ನಿನ್ನೆಯ ಗುಳಿಗೆಯ ಪ್ರಶ್ನೆ ಬಾಯಿಂದ ಬಂದೇ ಬಂತು, ಮೈಕಿನಲ್ಲೇ: "ಕಲ್ ಕಿ ಗೋಲಿ ಖಾಯಿ ಕ್ಯಾ?"

ಸಭೆ ನಕ್ಕಿತು.

"ಕೇಳಿದ್ರಿ?" ಮೆಹಬೂಬಿ ಜನರಿಗೆ ಹೇಳಿದಳು. "ಇದ. ಅತ್ರೂ ಇದ, ನಕ್ರೂ ಇದ. ದುಡಿಯೂ ಜಾಗಾದಾಗ ಸಂಡಾಸಕ್ಕ ಚಿಲಕ ಕೇಳಿದ್ರೂ ಇದ. ಗುಳಿಗಿ ಮ್ಯಾಲೆ ನನಗ ಸಿಟ್ಟಿಲ್ಲ. ನನ್ನ ಬಾಯಿ ತಗಸಬ್ಯಾಡ್ರಿ. ಅದು ಮಾತಾಡಾಕ ಇಟ್ಟಕೊಂಡದ್ದು."

ಯಾರೋ ಮೈಕಿನ ವೈರು ಎಳೆದರು. ಕಲಂದರನ ಶಾಲು ಹೊದಿಸುವವರ ಕೈಯಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ಯಾರೂ ಅವಳ ಹತ್ತಿರ ಬರಲಿಲ್ಲ. ಮುಷ್ಟಿಯಲ್ಲೇ ಉಳಿದಿದ್ದ ಬೆಳಗಿನ ಗುಳಿಗೆಯನ್ನು ಅವಳು ಹಿತ್ತಲಿಗೆ ಹೋಗಿ ನುಂಗಿದಳು. ಸಂಜೆ ಅವಳೇ ತಹಮೀನಾಳ ಮುಂದೆ ಕೈ ಚಾಚಿ ಡಬ್ಬಿ ಕೇಳಿದಳು. ತಹಮೀನಾ ಹೆದರಿ ಕೊಟ್ಟಳು. ಮೆಹಬೂಬಿ ಅಡುಗೆಮನೆಗೆ ಹೋದಳು. ಅಲ್ಲಿ ಚಿಲಕ ಇತ್ತು. ಹಾಕಿಕೊಂಡಳು. ಒಬ್ಬಳೇ ನಿಂತು ಗುಳಿಗೆ ನುಂಗಿದಳು, ನೀರು ಕುಡಿದಳು, ಬಾಯಿ ಒರೆಸಿಕೊಂಡಳು. ಮರುದಿನ ಎರಡು ಹೊತ್ತೂ ಹಾಗೆ, ಅದರ ಮರುದಿನವೂ ಹಾಗೆ. ಗೋಡೆ ಮತ್ತೆ ಮಾತಾಡುವುದು ಅವಳಿಗೇನೂ ಬೇಕಿರಲಿಲ್ಲ. "ನುಂಗಿದೆ" ಅಂದಳು. ಯಾರೂ ನೋಡಿರಲಿಲ್ಲವಾದ್ದರಿಂದ ಯಾರೂ ನಂಬಲಿಲ್ಲ. ಕಲಂದರ ಡಾಕ್ಟರಿಗೆ ಫೋನು ಹಚ್ಚಿ, "ಸಾಹೇಬ್ರ, ಬಿಟ್ಟಬಿಟ್ಟಾಳ್ರಿ" ಅಂದ. "ಕರಕೊಂಡ ಬರ್ರಿ, ಸೂಜಿ ಹಾಕೂಣು" ಅಂದರು ಡಾಕ್ಟರು.

ಹೀಗೆ ಒಂದು ಗುಳಿಗೆಯನ್ನೂ ತಪ್ಪಿಸದೆ ಮೆಹಬೂಬಿ ಮಾತು ಕೇಳದವಳಾದಳು.

ನೆಹರು ನಗರದ ದವಾಖಾನೆಯಲ್ಲಿ ಪರದೆಯ ಒಳಗೆ ಎಲ್ಲ ಸಿದ್ಧವಾಗಿತ್ತು. ಗುರುಸಿದ್ದ ಅಂಗಿಯ ತೋಳು ಮಡಚಿ ನಿಂತಿದ್ದ. ಅವಳು ಮಂಚದ ಮೇಲೆ ಕೂರುವ ಮೊದಲೇ ಕಲಂದರ ಅವಳ ರಟ್ಟೆ ಹಿಡಿದ. ನಟ್ಟು ಬಿಚ್ಚುವ ಕೈ, ಹಿಡಿದರೆ ಅಲುಗುವ ಹಾಗಿಲ್ಲ. ಗುರುಸಿದ್ದ ಕಾಲ ಕಡೆ ಬಂದ. ಡಾಕ್ಟರು ಸೂಜಿಗೆ ಔಷಧ ತುಂಬಿ ತಿರುಗಿದರು.

ಇದೇ ಸೂಜಿಗಾಗಿ ಅವಳು ತಿಂಗಳುಗಟ್ಟಲೆ ಬೆಂದಿದ್ದಳು. ಈಗ ಅದು ಕೈಯಳತೆಯಲ್ಲಿತ್ತು. ಮೇಘಾಳ ಮಾತು ನೆನಪಾಯಿತು. ಕೊಟ್ಟಿಗೆಯ ಎಮ್ಮೆ.

"ಭಾಯಿ, ಕೈ ಬಿಡ."

"ಸುಮ್ಮ ಕುಂದರ."

"ಕೈ ಬಿಡ ಅಂದೆ. ಗುರುಸಿದ್ದಣ್ಣ, ನೀವೂ ಹಿಂದ ಸರೀರಿ. ಹಿಡದ ಹಾಕೂದಾದ್ರ ನನಗ ಬ್ಯಾಡ. ಬೇಡಿದಾಕಿನ ನಾ. ಕಳ್ಳನ್ನ ಹಿಡದಂಗ ಯಾಕ ಹಿಡಿತೀರಿ? ಸಾಹೇಬ್ರ, ನನ್ನ ಕೇಳಿ ಹಾಕ್ರಿ."

ಡಾಕ್ಟರು ಸೂಜಿ ಎತ್ತಿ ಹಿಡಿದು ನಿಂತರು. "ಏನ ಕೇಳೂದವಾ? ನೀನ ಬೇಕಂದಿ."

"ಏನರ ಕೇಳ್ರಿ. ಇಷ್ಟ ವರ್ಷ ಭಾಯಿನ್ನ ಕೇಳೀರಿ. ಇವತ್ತ ನನ್ನ ಕೇಳ್ರಿ."

ಡಾಕ್ಟರು ಕಲಂದರನ ಮುಖ ನೋಡಿದರು. ಕಲಂದರ ನಿಧಾನವಾಗಿ ಕೈ ಬಿಟ್ಟ. ರಟ್ಟೆಯ ಮೇಲೆ ಅವನ ಬೆರಳುಗಳ ಗುರುತು ಮೂಡಿತ್ತು. ಡಾಕ್ಟರು ಕೆಮ್ಮಿದರು. ಕಲಿತ ವಿದ್ಯೆಯಲ್ಲೆಲ್ಲ ಹುಡುಕಿದರೂ ಅವರಿಗೆ ಒಂದೇ ಪ್ರಶ್ನೆ ಸಿಕ್ಕಿತು.

"ಯಾವ ಕೈಗೆ ಹಾಕಲಿ?"

"ತಡೀರಿ. ವಿಚಾರ ಮಾಡತೇನಿ."

ಅವಳು ಖರೇ ವಿಚಾರ ಮಾಡಿದಳು. ಬಲಗೈ ಮರಳು ಗುದ್ದುವ ಕೈ. ನೋವಾದರೆ ನಾಳೆಯ ಕೆಲಸ ಹೋಯಿತು. ಎಡಗೈ ಪೆಟ್ಟಿಗೆ ಒತ್ತಿ ಹಿಡಿಯುವ ಕೈ, ಸಂಡಾಸಿನ ಬಾಗಿಲು ಎಳೆದು ಹಿಡಿಯುವ ಕೈ. ಡಾಕ್ಟರು ನಿಂತಿದ್ದರು. ಅಣ್ಣ ನಿಂತಿದ್ದ, ಗುರುಸಿದ್ದ ನಿಂತಿದ್ದ. ಹೊರಗೆ ಬಾಕಿನ ಮೇಲೆ ಜನ ಕಾಯುತ್ತಿದ್ದರು. ಮೂವರು ಗಂಡಸರು ತನ್ನ ಬಾಯಿಂದ ಒಂದು ಮಾತು ಬೀಳಲೆಂದು ಕಾಯುವುದು ಅವಳು ಕಂಡಿರದ ನೋಟ. ಬೇಗ ಮುಗಿಸಲು ಮನಸ್ಸಾಗಲಿಲ್ಲ.

"ಎಡಗೈ" ಅಂದಳು, ಕೊನೆಗೆ. ತಾನೇ ಕುಪ್ಪಸದ ತೋಳು ಮೇಲೆ ಮಡಚಿದಳು.

ನೋವಾಯಿತು. ಚೆನ್ನಾಗಿಯೇ ಆಯಿತು. "ಬ್ಯಾನಿ ಆಗತೈತ್ರಿ" ಅಂದಳು. "ಆಗತೈತವಾ, ನಾಳೆಗೆ ಕಡಿಮಿ ಆಗತೈತಿ" ಅಂದರು ಡಾಕ್ಟರು. ಅವಳು ಹೇಳಿದ ಮಾತಿಗೆ ಆ ಮಾತಿನದೇ ಉತ್ತರ ಬಂದಿತ್ತು. ಅದು ಅವಳಿಗೆ ಮಂಚದಿಂದ ಇಳಿದ ಮೇಲೆ ಹೊಳೆಯಿತು.

ಪರದೆಯ ಆಚೆ ಮೇಘಾ ನಿಂತೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖದ ಮೇಲಿದ್ದುದನ್ನು ಮೆಹಬೂಬಿ ಕೂಡಲೇ ಗುರುತಿಸಿದಳು. ಅದೇ ಮುಖವನ್ನು ಅವಳು ಇಷ್ಟು ತಿಂಗಳು ಹೊತ್ತು ತಿರುಗಿದ್ದಳು.

"ಯಾವ ಕೈ ಅಂತ ಕೇಳಿದ್ರೇನ?"

"ಕೇಳಿದ್ರು."

"ನನಗ ಒಮ್ಮೆನೂ ಕೇಳಿಲ್ಲ."

ಇಂಥ ಕಡೆ ಕನಿಕರ ಬರಬೇಕು. ಮೆಹಬೂಬಿಗೆ ಮೊದಲು ಬಂದದ್ದು ಖುಷಿ. ಹೊಟ್ಟೆ ತುಂಬ, ಹಬ್ಬದ ಊಟ ಉಂಡ ಹಾಗೆ. ಕನಿಕರ ಬಂದದ್ದು ಖಾನಾಪುರದ ಬಸ್ಸು ಮಚ್ಚೆ ಊರು ದಾಟಿದ ಮೇಲೆ. ಅದಕ್ಕೆ ಮೊದಲು ಬಾಪುಸಾಹೇಬರು ಪೇಪರ್ ಮಡಚಿ, "ನಡಿ ಮೇಘಾ, ನಮ್ಮ ಪಾಳಿ" ಅಂದದ್ದನ್ನೂ, ಹುಡುಗಿ ಬಾಕಿನ ಅಂಚು ಹಿಡಿದು ಕೂತುಬಿಟ್ಟದ್ದನ್ನೂ ಅವಳು ನೋಡಿದ್ದಳು. "ಮೊದಲ ನನ್ನ ಕೇಳಲಿ" ಅನ್ನುತ್ತಿದ್ದಳು ಹುಡುಗಿ. "ಕೇಳೂದೇನೈತಿ ಇದರಾಗ?" ಅನ್ನುತ್ತಿದ್ದರು ತಂದೆ. ಡಾಕ್ಟರು ಪರದೆ ಸರಿಸಿ, ಒಂದೇ ದಿನ ಎರಡನೆಯ ಸಲ, ಏನು ಕೇಳುವುದೆಂದು ತಿಳಿಯದೆ ನಿಂತಿದ್ದರು.

ಮರುದಿನ ಬೆಳಿಗ್ಗೆ ಉದ್ಯಮಬಾಗದಲ್ಲಿ ನಳದ ಹತ್ತಿರ ರಾಯಪ್ಪ ಕಾಯುತ್ತಿದ್ದ. ಹೆಂಗಸರು ಕೈಕಾಲು ತೊಳೆಯುತ್ತಿದ್ದರು.

"ಗುಳಿಗಿ ತಗೊಂಡಿಯೇನವಾ?"

"ಇಲ್ಲ."

ರಾಯಪ್ಪನ ಮುಖ ಅರಳಿತು. ಕಟ್ಟೆಯ ಕಡೆ ತಿರುಗಿ, "ಕೇಳ್ರಪಾ, ಇಕಿ ಇವತ್ತ ತಗೊಂಡಿಲ್ಲಂತ" ಅಂದ.

"ಸೂಜಿ ತಗೊಂಡೇನಿ. ಒಳಗ ಐತಿ. ಅದನ್ನ ತಗಿಯಾಕ ನನಗೂ ಬರೂದಿಲ್ಲ, ನಿಮಗೂ ಬರೂದಿಲ್ಲ. ಇನ್ನ ದಿನಾ ಕೇಳೂ ತ್ರಾಸ ಇಲ್ಲ ನಿಮಗ." ಮೆಹಬೂಬಿ ನಳ ಬಂದ್ ಮಾಡಿದಳು. "ರಾಯಪ್ಪಣ್ಣಾ, ಸಂಡಾಸದ ಚಿಲಕ ಯಾವಾಗ ಹಾಕಸ್ತೀರಿ?"

ಕಟ್ಟೆಯ ಮೇಲಿನವರು ನಗಲು ತಯಾರಾಗಿ ರಾಯಪ್ಪನ ಮುಖ ನೋಡಿದರು. ರಾಯಪ್ಪ ಬಾಯಿ ತೆರೆದ. ಬಾಯಿ ತೆರೆದೇ ಉಳಿಯಿತು.

ಗೌರವ್ವ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದಳು. ಅವನ ಎದುರು ನಿಂತು, ಕುತ್ತಿಗೆ ಚಾಚಿ, ಒಳಗೆ ಇಣುಕಿ ನೋಡಿದಳು.

"ನಾಲಿಗಿ ಎತ್ತರಿ ರಾಯಪ್ಪಣ್ಣ" ಅಂದಳು. "ಬುಡಕ ಏನರ ಇಟ್ಟಕೊಂಡೀರೇನ ನೋಡೂಣು."